ಪ, ಬ, ಮ

ಕಲಬುರಗಿ
೪ ಫೆಬ್ರುವರಿ

ಶೀಲಾ,

ನಿನ್ನ ಫೋನು ಅಡುಗೆಮನೆಯ ಕಿಟಕಿಯಲ್ಲೇ ಇದೆ. ಮರೆತು ಹೋಗಿದ್ದೀ ಎಂದುಕೊಂಡು ಎರಡು ದಿನ ಕಾದೆ. ಆಮೇಲೆ ನೋಡಿದರೆ ಅದರ ಪಕ್ಕದಲ್ಲಿ ಚಾರ್ಜರು ನೀಟಾಗಿ ಸುತ್ತಿಟ್ಟಿತ್ತು. ಮರೆತು ಹೋಗುವವರು ಚಾರ್ಜರು ಸುತ್ತಿಡುವುದಿಲ್ಲ. ವಿಡಿಯೋದಲ್ಲಿ ಕೈಮಾತು ಆಡೋಣವೆಂದರೆ ಎರಡೂ ಫೋನು ನನ್ನ ಹತ್ತಿರವೇ ಇವೆ. ಹಾಗಾಗಿ ಈ ಕಾಗದ. ಮೂವತ್ತಾರು ವರ್ಷ ಒಂದೇ ಮನೆಯಲ್ಲಿದ್ದು ನಾವು ಒಬ್ಬರಿಗೊಬ್ಬರು ಬರೆದಿದ್ದೇ ಇಲ್ಲ, ಬರೆಯುವಷ್ಟು ದೂರ ಹೋದದ್ದೂ ಇಲ್ಲ.

ನಿನ್ನ ಸಿಟ್ಟು ಪೇಪರಿನ ಸುದ್ದಿಯದ್ದು ಎಂದು ನನಗೆ ಗೊತ್ತು. 'ಕಿವುಡ ಮಕ್ಕಳ ತಾಯಿಗೆ ಪದ್ಮಶ್ರೀ' ಎಂದು ತಲೆಬರಹ. ಕೆಳಗೆ ನಮ್ಮ ಶಾಲೆಯ ಕಥೆ, ಈ ಭಾಗದ ಕಿವುಡರು ಆಡುವ ಸನ್ನೆಗಳನ್ನೆಲ್ಲ ಕೂಡಿಸಿ ನಾವು ಮಾಡಿದ ಸನ್ನೆಕೋಶದ ಕಥೆ. ಕಡೆಗೆ ಆ ಸಾಲು: 'ಅವಿವಾಹಿತೆಯಾದ ಶುಭದಾ ಅವರು ಕಮಲಾಪುರದ ಕಿವುಡ ಮಹಿಳೆಯೊಬ್ಬರಿಗೂ ತಮ್ಮ ಮನೆಯಲ್ಲಿ ಆಸರೆ ಕೊಟ್ಟಿದ್ದಾರೆ.' ಓದಿ ನನಗೂ ಮೈ ಉರಿಯಿತು. ಆ ವರದಿಗಾರ ಕುಳಿತಿದ್ದಾಗ ನೀನು ಚಹಾ ಕೊಟ್ಟು ಬಾಗಿಲಿಗೆ ಹೋಗಿ ನಿಂತೆ. ಇವರು ಯಾರು ಎಂದು ಅವನು ಕೇಳಿದ. ಕಪ್ಪು ನನ್ನ ಬಾಯಿಯ ಹತ್ತಿರವಿತ್ತು, ಹಾಗೇ ಹೇಳಿದೆ, ಈ ಮನೆಗೆ ಇವಳೇ ಮಾಲಕಿ ಎಂದು. ಅವನು ಏನು ಕೇಳಿಸಿಕೊಂಡನೋ, ಏನು ಬರೆದುಕೊಂಡನೋ, ದೇವರೇ ಬಲ್ಲ.

ಜಗತ್ ಸರ್ಕಲ್ಲಿನಲ್ಲಿ ನನ್ನದೊಂದು ಫ್ಲೆಕ್ಸ್ ಕಟ್ಟಿದ್ದಾರೆ. ಶಾಲೆಯ ಬೆಳ್ಳಿಹಬ್ಬದ ಫೋಟೋ. ನಿನ್ನನ್ನು ಕತ್ತರಿಸಿ ತೆಗೆದಿದ್ದಾರೆ, ಆದರೆ ನನ್ನ ಭುಜದ ಮೇಲಿದ್ದ ನಿನ್ನ ಕೈಯನ್ನು ತೆಗೆಯಲು ಆಗಿಲ್ಲ. ಆಟೋದ ವಹಾಬ್ ಗಾಡಿ ನಿಲ್ಲಿಸಿ ತೋರಿಸಿದ. "ಬಾಯಿ, ನಿಮ್ ಭುಜದ್ ಮ್ಯಾಲ ಯಾರ್ದೋ ಕೈ ಅದ ನೋಡ್ರಿ" ಎಂದ. ಮುಂದೆ ನಡಿ ಎಂದೆ.

ದಣಿದಿದ್ದೇನೆ ಶೀಲಾ. ದಿನಾ ಯಾರೋ ಶಾಲು ಹಿಡಿದು ಬರುತ್ತಾರೆ. ಹದಿನಾಲ್ಕು ಶಾಲು ಆದವು, ಹೊರಗೆ ಬಿಸಿಲು ನೋಡಿದರೆ ಒಂದನ್ನೂ ಹೊದೆಯುವ ಹಾಗಿಲ್ಲ. ನೀನು ಬಾ.

ನಿನ್ನ
ಶುಭದಾ


ಕಮಲಾಪುರ
೧೨ ಫೆಬ್ರುವರಿ

ಪದ್ಮಶ್ರೀ ಶುಭದಾಬಾಯಿ ಅವರಿಗೆ,

ತಮ್ಮ ಆಸರೆಯಲ್ಲಿರುವ ಕಿವುಡ ಮಹಿಳೆ ಬರೆಯುವುದು. ಅಣ್ಣ ಕಲ್ಯಾಣಪ್ಪನ ಮನೆಯಲ್ಲಿ ಊಟಕ್ಕೆ, ನಿದ್ದೆಗೆ ಕೊರತೆ ಇಲ್ಲ. ವೈನಿ ವಿಮಲಾಬಾಯಿ ಇಷ್ಟು ವರ್ಷವಾದರೂ ಒಂದು ಸನ್ನೆ ಕಲಿತಿಲ್ಲ. ಜೋರಾಗಿ ಮಾತಾಡಿದರೆ ನನಗೆ ಕೇಳುತ್ತದೆ ಎಂದು ಇನ್ನೂ ನಂಬಿದ್ದಾಳೆ. ಅವಳ ಬಾಯಿ ಎಷ್ಟು ಅಗಲ ತೆರೆಯುತ್ತದೆ ಎಂದರೆ ಬಾಳೆತೋಟದ ಆ ತುದಿಯಿಂದಲೂ ಓದಬಹುದು. ನಿನ್ನೆ ಕೆಂಪು ಬಾಳೆಯ ಒಂದು ಚಿಪ್ಪು ಮುಂದಿಟ್ಟು, "ಜಗಳಾ ಮಾಡ್ಕೊಂಡ್ ಬಂದೀರೇನು?" ಎಂದು ಕೇಳಿದಳು. ಹಣ್ಣು ತಿಂದೆ.

ಸಿಟ್ಟು ಪೇಪರಿನದಲ್ಲ. ಪೇಪರಿನವರು ಬರೆದದ್ದಕ್ಕೆಲ್ಲ ಸಿಟ್ಟು ಮಾಡುವ ವಯಸ್ಸು ನನ್ನದಲ್ಲ, ಅರವತ್ಮೂರು ದಾಟಿದೆ.

ಅವನು ಕೇಳಿದಾಗ ನೀನು ಅರ್ಧ ಅವನ ಕಡೆ ತಿರುಗಿದ್ದೆ. ನನಗೆ ಕಂಡದ್ದು ಕೊನೆಯ ಶಬ್ದ ಒಂದೇ. ಪಾಲಕಿ, ಬಾಲಕಿ, ಮಾಲಕಿ. ಈ ಮೂರನ್ನು ಹಲಗೆಯ ಮೇಲೆ ಬರೆದು ಎಷ್ಟು ವರ್ಷ ಪಾಠ ಮಾಡಿದೆವು? ಪ, ಬ, ಮ ಮೂರೂ ತುಟಿಗೆ ಒಂದೇ, ತುಟಿ ಓದುವವರು ಎಡವುವುದು ಇಲ್ಲಿಯೇ ಎಂದು ಎಷ್ಟು ಮಕ್ಕಳಿಗೆ ಹೇಳಿದೆ ನೀನು? ಬಾಯಿಯ ಮುಂದೆ ಕಾಗದದ ಪಟ್ಟಿ ಹಿಡಿದರೆ ಪ-ಗೆ ಅಲುಗುತ್ತದೆ. ಗಂಟಲು ಮುಟ್ಟಿದರೆ ಬ ತಿಳಿಯುತ್ತದೆ. ಮೂಗಿನ ಮೇಲೆ ಬೆರಳಿಟ್ಟರೆ ಮ ನಡುಗುತ್ತದೆ. ನಾನು ಬಾಗಿಲಲ್ಲಿ ನಿಂತಿದ್ದೆ, ನಿನ್ನ ಮೂಗು ನನ್ನ ಕೈಗೆ ಸಿಗುವಷ್ಟು ಹತ್ತಿರ ಇರಲಿಲ್ಲ.

ಮನೆಗೆ ಇವಳೇ ಮಾಲಕಿ ಎಂದೆಯೋ, ಇವಳಿಗೆ ನಾನೇ ಪಾಲಕಿ ಎಂದೆಯೋ? ಇಷ್ಟೇ ನನ್ನ ಪ್ರಶ್ನೆ. ವಿಚಾರ ಮಾಡಿ ಬರೆ, ಅವಸರವಿಲ್ಲ.

ಶೀಲಾ


ಕಲಬುರಗಿ
೨೨ ಫೆಬ್ರುವರಿ

ಶೀಲಾ,

ಮಾಲಕಿ ಎಂದೇ ಹೇಳಿದೆ. ಬೇಕಾದರೆ ಶರಣಬಸವೇಶ್ವರ ಗುಡಿಯಲ್ಲಿ ನಿಂತು ಹೇಳುತ್ತೇನೆ. ಇದನ್ನು ಇಲ್ಲಿಗೆ ಬಿಡು.

ಇನ್ನೊಂದು ಸುದ್ದಿ. ಸೋಮವಾರ ತಮ್ಮ ಸುಜಯೀಂದ್ರ ಬಂದಿದ್ದ. ನೀನು ನನ್ನ ಜೊತೆ ಇರಲು ಬಂದ ಐದನೇ ವರ್ಷ, ನಮ್ಮದು ಎಂಥ ಸಂಸಾರ ಎಂದು ತಿಳಿದ ದಿನ ಈ ಹೊಸ್ತಿಲು ಇಳಿದು ಹೋದವನು, ಮೂವತ್ತೊಂದು ವರ್ಷದ ನಂತರ ಮತ್ತೆ ಹತ್ತಿದ. ತೆಂಗಿನಕಾಯಿ, ಶಾಲು ತಂದಿದ್ದ. ಹದಿನೈದನೆಯದು. ತಲೆ ಪೂರಾ ಬೆಳ್ಳಗಾಗಿದೆ ಅವನದು. ನನ್ನ ಕಾಲು ಮುಟ್ಟಿದಾಗ, ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರು ಬಂತು.

ದಿಲ್ಲಿಗೆ ನನ್ನ ಜೊತೆ ಒಬ್ಬರು ಬರಬಹುದಂತೆ. ಅವರ ಹೆಸರು, ನನಗೂ ಅವರಿಗೂ ಇರುವ ಸಂಬಂಧ, ಎರಡನ್ನೂ ಫಾರ್ಮಿನಲ್ಲಿ ತುಂಬಬೇಕು. ಅದು ಹೇಗೋ ಅವನಿಗೆ ಗೊತ್ತಾಗಿದೆ. "ಅಕ್ಕಾ, ಮನಿತನದವ್ರು ಒಬ್ಬರು ಜೋಡಿ ಇದ್ರ ಛಲೋ ಕಾಣಸ್ತದ. ಆಯಿನೂ ಅದೇ ಅಂತಾಳ" ಎಂದ. ನನ್ನ ಹೆತ್ತ ಆಯಿಗೆ ಈಗ ತೊಂಬತ್ತೊಂದು. ಅವಳು ನನ್ನನ್ನು ನೋಡಬೇಕು ಎನ್ನುತ್ತಿದ್ದಾಳಂತೆ. ಹೌದು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ ನಾನು.

ಮೃದುಲಾ ಕೂಡ ಫೋನು ಮಾಡಿದ್ದಳು. ನಮ್ಮ ಹಳೆಯ ವಿದ್ಯಾರ್ಥಿ ಪ್ರೇಮಕುಮಾರನ ಮಗಳು, ನಿನ್ನ ತೊಡೆಯ ಮೇಲೆ ಮಾತಿಗಿಂತ ಮೊದಲು ಸನ್ನೆ ಕಲಿತವಳು. ಈಗ ಒಂದು ಸಂಘಟನೆಯಲ್ಲಿದ್ದಾಳೆ. ಗಂಡಸನ್ನು ಪ್ರೀತಿಸಿದ ಗಂಡಸರು, ಹೆಂಗಸನ್ನು ಪ್ರೀತಿಸಿದ ಹೆಂಗಸರು, ಟ್ರಾನ್ಸ್ ಜನ, ಇವರಲ್ಲಿ ಯಾರಿಗೆಲ್ಲ ಇಂಥ ರಾಷ್ಟ್ರದ ಗೌರವ ಸಿಕ್ಕಿದೆ ಎಂದು ಪಟ್ಟಿ ಮಾಡುತ್ತಿದ್ದಾರಂತೆ. ಪಟ್ಟಿ ಸಣ್ಣದು, ಇದ್ದೂ ಇಲ್ಲದ ಹಾಗೆ ಹೋದವರೇ ಬಹಳ ಎಂದಳು. "ನಿಮ್ಮ ಹೆಸರು ಹಾಕ್ಲೇನ್ರಿ ಬಾಯಿ? ನೀವು ಬ್ಯಾಡಂದ್ರ ಹಾಕಂಗಿಲ್ಲ" ಎಂದು ಕೇಳಿದಳು. ಅವಳ ದನಿಯಲ್ಲಿ ಎಷ್ಟು ಸಂಕೋಚವಿತ್ತು ಎಂದರೆ ನನಗೇ ನಾಚಿಕೆಯಾಯಿತು. ವಿಚಾರ ಮಾಡಿ ಹೇಳುತ್ತೇನೆ ಎಂದು ಇಟ್ಟುಬಿಟ್ಟೆ.

ಎಲ್ಲರೂ ನನ್ನನ್ನು ಏನಾದರೊಂದು ಕೇಳುತ್ತಿದ್ದಾರೆ. ನೀನಾದರೂ ಕೇಳಬೇಡ.

ಶುಭದಾ


ಕಮಲಾಪುರ
೩ ಮಾರ್ಚ್

ಶುಭದಾ,

ಕೇಳಬೇಡ ಎಂದೆ, ಕೇಳುವುದಿಲ್ಲ. ಕೆಲವು ಶಬ್ದ ಮಾತ್ರ ನೆನಪು ಮಾಡುತ್ತೇನೆ. ಇಲ್ಲಿ ಹೊತ್ತು ಹೋಗುವುದಿಲ್ಲ.

ರೇಷನ್ ಕಾರ್ಡಿನಲ್ಲಿ ನಾನು ನಿನ್ನ ತಂಗಿ. ನೀನು ಆಚಾರರ ಮಗಳು, ನಾನು ಲಿಂಗವಂತರ ಹುಡುಗಿ, ಬರೆದುಕೊಳ್ಳುವವನು ಹೆಸರು ನೋಡಿ ನಕ್ಕಿದ್ದ. ಮೊದಲ ಮನೆಯ ಮಾಲಕರಿಗೆ ನಾನು ಪೇಯಿಂಗ್ ಗೆಸ್ಟು. ಸನ್ನೆಕೋಶದ ಮೊದಲ ಪುಟದಲ್ಲಿ, ನಿನ್ನ ಹೆಸರಿನ ಕೆಳಗೆ, ಸಣ್ಣ ಅಕ್ಷರದಲ್ಲಿ 'ಚಿತ್ರ ಸಹಾಯ'. ಎರಡು ಸಾವಿರದ ನೂರು ಚಿತ್ರ ಬರೆದೆ. ಅದರಲ್ಲಿ ಅರ್ಧಕ್ಕರ್ಧ ಸನ್ನೆ ನನ್ನ ಕೈಯಿಂದಲೇ ಬಂದವು. ಕಮಲಾಪುರಕ್ಕೆ ಬಾಳೆಹಣ್ಣು ಸುಲಿದ ಹಾಗೆ ಮಾಡಿ, ಕೆಂಪು ಎನ್ನಲು ತುಟಿ ಮುಟ್ಟುವ ಸನ್ನೆ ನಾನು ಒಂಬತ್ತು ವರ್ಷದವಳಿದ್ದಾಗ, ಜ್ವರದಲ್ಲಿ ಕಿವಿ ಹೋದ ವರ್ಷವೇ, ನಾನೇ ಮಾಡಿಕೊಂಡದ್ದು.

ಎರಡು ವರ್ಷದ ಹಿಂದೆ ನಿನ್ನ ಪಿತ್ತಕೋಶದ ಆಪರೇಷನ್ನಿಗೆ ನೀನೇ ಫಾರ್ಮು ತುಂಬಿದೆ. ಜೊತೆಗೆ ಬಂದವರು: ಶೀಲಾ. ಸಂಬಂಧ: ಪರಿಚಿತರು. ಸಿಸ್ಟರು ಹೊರಗೆ ಬಂದು ನಿನ್ನ ಕಡೆಯವರನ್ನು ಕೂಗಿರಬೇಕು. ನನಗೆ ಕೇಳುವುದಿಲ್ಲ. ಪರಿಚಿತರನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ಎರಡು ತಾಸು ಆ ಬೆಂಚಿನ ಮೇಲೆ ನೀನು ಬದುಕಿದ್ದೀಯೋ ಇಲ್ಲವೋ ಗೊತ್ತಿಲ್ಲದೆ ಕೂತಿದ್ದೆ. ಮನೆಗೆ ಬಂದ ಮೇಲೆ ನಿನಗೆ ಗಂಜಿ ಮಾಡಿದೆ, ಒಂದು ಮಾತೂ ಅನ್ನಲಿಲ್ಲ.

ಯಾಕೆ ಅನ್ನಲಿಲ್ಲ ಗೊತ್ತೇನು? ಅವೆಲ್ಲ ನೀನು ಮಂದಿಗೆ ಹೇಳಿದ ಸುಳ್ಳು. ನನಗೆ ಹೇಳಿದ್ದಲ್ಲ. ಮಂದಿಯ ಮುಂದೆ ಏನಾದರೂ ಅನ್ನಲಿ, ಬಾಗಿಲು ಹಾಕಿದ ಮೇಲೆ ನನ್ನ ಮುಂದೆ ಸುಳ್ಳು ಆಡುವುದಿಲ್ಲ ಎಂಬ ಒಂದು ಮಾತಿನ ಮೇಲೆ ನಾನು ಮೂವತ್ತಾರು ವರ್ಷ ತೆಗೆದೆ.

ದಿಲ್ಲಿಗೆ ಸುಜಯೀಂದ್ರನೇ ಬರಲಿ. ವಿಮಾನದಲ್ಲಿ ನನಗೆ ತಲೆ ಸುತ್ತುತ್ತದೆ.

ಪರಿಚಿತರು,
ಶೀಲಾ


ಕಲಬುರಗಿ
೧೦ ಮಾರ್ಚ್

ತೀರ್ಥರೂಪ ಸಮಾನರಾದ ಅಕ್ಕನಿಗೆ ಸುಜಯೀಂದ್ರನ ನಮಸ್ಕಾರಗಳು.

ಫೋನಿನಲ್ಲಿ ಹೇಳಬಹುದಿತ್ತು, ಆದರೆ ಕಾಗದವೇ ಬರೆ ಎಂದು ಆಯಿಯ ಆಜ್ಞೆ. ಅವಳ ಕಣ್ಣು ಈಗ ಬಹಳ ಮಂದ. ಟಿವಿಯಲ್ಲಿ ನಿನ್ನ ಸುದ್ದಿ ಬಂದಾಗ ಪರದೆಯ ಹತ್ತಿರ ಕುರ್ಚಿ ಎಳೆದುಕೊಂಡು ಕುಳಿತಿದ್ದಳು. ಈ ಗುರುವಾರ ಮನೆಗೆ ಬಾ. ಊಟ ಇಲ್ಲಿಯೇ.

ದಿಲ್ಲಿಯ ಫಾರ್ಮಿಗೆ ನನ್ನ ಆಧಾರ್ ಕಾರ್ಡಿನ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಹಳೆಯದನ್ನೆಲ್ಲ ಎತ್ತಿ ಆಡುವ ಇಚ್ಛೆ ನಮಗೆ ಯಾರಿಗೂ ಇಲ್ಲ. ನೀನೂ ಎತ್ತಬೇಡ, ಇಷ್ಟೇ ವಿನಂತಿ.

ಇತಿ, ನಿನ್ನ ತಮ್ಮ
ಸುಜಯೀಂದ್ರ


ಕಲಬುರಗಿ
೧೬ ಮಾರ್ಚ್

ಶೀಲಾ,

ಗುರುವಾರ ಆಯಿಯ ಹತ್ತಿರ ಹೋಗಿ ಬಂದೆ. ಮಡಿಸಿದ ಕಂಬಳಿಯ ಮೇಲೆ ಕುಳಿತಿದ್ದಳು, ಒಂದು ಹಿಡಿಯಷ್ಟಾಗಿದ್ದಾಳೆ. ನನ್ನ ಮುಖವನ್ನು ಎರಡೂ ಕೈಯಲ್ಲಿ ತಡವಿ ನೋಡಿದಳು. ಹಣೆ, ಮೂಗು, ಗದ್ದ. ನಿನ್ನ ಹೊಸ ಮಕ್ಕಳು ಮೊದಲ ದಿನ ನಿನ್ನನ್ನು ಮುಟ್ಟಿ ನೋಡುತ್ತಾರಲ್ಲ, ಹಾಗೆ. ಆಮೇಲೆ ಕೇಳಿದಳು.

"ಒಬ್ಬಾಕಿನೇ ಬಂದಿ ಏನು?"

"ಹೂಂ ಆಯಿ, ಒಬ್ಬಾಕಿನೇ."

"ಛಲೋ ಆತು" ಎಂದಳು.

ಅಷ್ಟೇ. ಊಟಕ್ಕೆ ಹಾಕಿದರು. ಮೂವತ್ತೊಂದು ವರ್ಷ ಈ ಅನ್ನಕ್ಕಾಗಿ ಕಾದಿದ್ದೆ, ಎರಡು ತುತ್ತಿಗೆ ಕೈ ತೊಳೆದೆ. ಛಲೋ ಆತು ಎಂದವಳ ಮೇಲೆ ನನಗೆ ಸಿಟ್ಟಿಲ್ಲ, ಅವಳು ಮೊದಲಿನಿಂದಲೂ ಅದನ್ನೇ ಹೇಳುತ್ತ ಬಂದಿದ್ದಾಳೆ. ನಾನು ಹೂಂ ಎಂದೆನಲ್ಲ, ಅದು ನನ್ನ ಕಿವಿಗೇ ಬಿತ್ತು. ಎಷ್ಟು ಸಲೀಸಾಗಿ ಬಂತು ಆ ಹೂಂ. ಆ ವರದಿಗಾರನ ಮುಂದೆ ಬಂದ ಶಬ್ದವೂ ಹೀಗೇ ಸಲೀಸಾಗಿ ಬಂದಿತ್ತು.

ಪಾಲಕಿ ಎಂದೆ, ಶೀಲಾ. 'ನಾನೇ ಇವರ ಪಾಲಕಿ' ಎಂದೆ. ಆಮೇಲೆ ನಿನ್ನ ಮುಖ ನೋಡಿದೆ. ನಿನಗೆ ಪೂರ್ತಿ ಕಂಡಿಲ್ಲ ಎಂದು ತಿಳಿಯಿತು. ಮೂರು ಅಕ್ಷರ ತುಟಿಗೆ ಒಂದೇ ಎಂದು ಮಕ್ಕಳಿಗೆ ಕಲಿಸಿದವಳು ನಾನು, ಅದನ್ನೇ ಅಡ್ಡ ಹಿಡಿದು ತಪ್ಪಿಸಿಕೊಂಡೆ. ಎರಡು ಕಾಗದದಲ್ಲಿ ಸುಳ್ಳು ಬರೆದೆ. ಗುಡಿಯ ಹೆಸರನ್ನೂ ಹಾಕಿದೆ.

ಭಯಕ್ಕೆ ಹೇಳಿದೆ ಎಂದರೆ ನೀನು ಬೇಗ ಕ್ಷಮಿಸುತ್ತೀಯ. ಭಯ ಎಂದೋ ಹೋಗಿದೆ. ದಣಿವಿಗೆ ಹೇಳಿದೆ. ಅವನಿಗೆ ನಿಜ ಹೇಳಿದರೆ ಅವನು ಮತ್ತೊಂದು ಕೇಳುತ್ತಾನೆ, ಅದಕ್ಕೆ ಉತ್ತರ ಕೊಟ್ಟರೆ ಇನ್ನೊಂದು. ಅರವತ್ತೆಂಟು ವರ್ಷದವಳು ಹುಡುಗನೊಬ್ಬನ ಮುಂದೆ ಕುಳಿತು ತನ್ನ ಬಾಳನ್ನು ಬಿಡಿಸಿ ತೋರಿಸಬೇಕು. ಚಹಾ ಆರುತ್ತಿತ್ತು. ಒಂದು ಶಬ್ದದಲ್ಲಿ ಮುಗಿಯುತ್ತದೆಯಲ್ಲ ಎಂದು ಮುಗಿಸಿದೆ. ನನ್ನ ದಣಿವನ್ನು ಇಳಿಸಲು ನಿನ್ನನ್ನು ಮಗುವಾಗಿ ಮಾಡಿದೆ. ಆಸ್ಪತ್ರೆಯ ಬೆಂಚಿನ ವಿಷಯ ನನಗೆ ಗೊತ್ತಿರಲಿಲ್ಲ. ಕೇಳಲೂ ಇಲ್ಲ ನಾನು.

ಕ್ಷಮಿಸು ಎಂದು ಬರೆಯಲು ನಾಚಿಕೆ. ನಿನಗೆ ಬರಲು ಮನಸ್ಸಿಲ್ಲದಿದ್ದರೆ ಬರಬೇಡ. ಫೋನು ಮಾತ್ರ ಚಾರ್ಜು ಮಾಡಿ ಇಟ್ಟಿದ್ದೇನೆ.

ಶುಭದಾ


ಕಲಬುರಗಿ
೨೫ ಮಾರ್ಚ್

ಶೀಲಾ,

ನಿನ್ನ ಉತ್ತರ ಬಂದಿಲ್ಲ. ಬರಬೇಕೆಂದೇನೂ ಇಲ್ಲ. ಆದದ್ದನ್ನು ತಿಳಿಸಲು ಬರೆಯುತ್ತಿದ್ದೇನೆ.

ಫಾರ್ಮು ಇನ್ನೂ ಬಂದಿಲ್ಲವೆಂದು ನಿನ್ನೆ ಜಿಲ್ಲಾ ಕಚೇರಿಯಿಂದ ಝಹೀರ್ ಎಂಬ ಗುಮಾಸ್ತರು ಫೋನು ಮಾಡಿದ್ದರು. ಬಹಳ ಮರ್ಯಾದೆಯ ಮನುಷ್ಯ. ಫೋನಿನಲ್ಲೇ ಹೇಳಿಬಿಡಿ, ನಾನೇ ತುಂಬಿ ಕಳಿಸುತ್ತೇನೆ ಎಂದರು. ಜೊತೆಗೆ ಬರುವವರ ಹೆಸರು ಕೇಳಿದರು. ಶೀಲಾ ಎಂದೆ. ಸಂಬಂಧ ಕೇಳಿದರು.

ನನ್ನ ಮುಂದೆ ಸುಜಯೀಂದ್ರನ ಆಧಾರ್ ಪ್ರತಿ ಇತ್ತು. ಸನ್ನೆಕೋಶಕ್ಕೆ ಎರಡು ಸಾವಿರದ ನೂರು ಅರ್ಥ ಬರೆದವಳು ನಾನು, ಈ ಒಂದಕ್ಕೆ ಶಬ್ದ ಹೊಳೆಯಲಿಲ್ಲ. ಸಂಗಾತಿ, ಜೊತೆಗಾತಿ ಎಲ್ಲ ಪುಸ್ತಕದವು. ನಮ್ಮೂರ ಹೆಂಗಸರು ಬಾವಿಕಟ್ಟೆಯಿಂದ ಬ್ಯಾಂಕಿನವರೆಗೆ ಎಲ್ಲೆಲ್ಲೂ ಆಡುವ ಶಬ್ದವೊಂದಿದೆಯಲ್ಲ, ಅದು ಬಾಯಿಗೆ ಬಂತು.

"ನಮ್ಮ ಮನಿಯವ್ರು" ಎಂದೆ.

"ಮನಿಯವ್ರಂದ್ರ? ಅಕ್ಕ-ತಂಗೀನಾ?"

"ಅಲ್ರಿ. ನಿಮ್ಮ ಹೆಂಡ್ತಿ ಮಂದಿ ಮುಂದ ನಿಮಗ ಏನಂತಾರ?"

"ಮನಿಯವ್ರು ಅಂತಾಳ್ರಿ."

"ಹಂಗ" ಎಂದೆ.

ಅವರು ಕಾಗದ ಮಗುಚಿದ ಸದ್ದು ಕೇಳಿತು. ಆಮೇಲೆ ಮೆಲ್ಲಗೆ, ಪಾರ್ಟನರ್ ಎಂದು ಬರೆಯಬಹುದು, ಆದರೆ ದಿಲ್ಲಿಯವರು ಅಂಗಡಿಯ ಪಾರ್ಟನರ್ ಎಂದು ತಿಳಿದಾರು ಎಂದರು. ನನಗೆ ನಗು ಬಂತು, ಎರಡು ತಿಂಗಳಲ್ಲಿ ಮೊದಲ ಸಲ. ಅವರೂ ನಕ್ಕರು. ಕಡೆಗೆ 'ಮನೆಯವರು' ಎಂದೇ ಬರೆದು, ಪಕ್ಕದಲ್ಲಿ 'ಬಾಳಸಂಗಾತಿ' ಎಂದು ಸೇರಿಸುತ್ತೇನೆ ಎಂದರು. ಸೇರಿಸಿರಿ ಎಂದೆ.

ಸುಜಯೀಂದ್ರನಿಗೆ ನಾನೇ ಫೋನು ಮಾಡಿ ಹೇಳಿದೆ. ಸರಿ ಎಂದ, ಇಟ್ಟ. ಇನ್ನು ಆ ಮನೆಯ ಊಟ ನನಗಿಲ್ಲ. ಆಯಿಯ ಕೈ ನನ್ನ ಮುಖದ ಮೇಲೆ ಆಡಿದ್ದು ನೆನಪಾದಾಗ ಸಂಕಟವಾಗುತ್ತದೆ. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ಮೃದುಲಾಳಿಗೂ ಹೇಳಿದೆ, ಪಟ್ಟಿಗೆ ನನ್ನ ಹೆಸರು ಹಾಕು ಎಂದು. ಶೀಲಾಬಾಯಿಯ ಹೆಸರೋ ಎಂದು ಕೇಳಿದಳು. ಅದು ನಾನು ಹೇಳುವುದಲ್ಲ, ಅವಳನ್ನೇ ಕೇಳು ಎಂದೆ. ಅವಳು ನಿನಗೆ ಬರೆಯುತ್ತಾಳೆ. ನಿನ್ನ ಪರವಾಗಿ ಮಾತಾಡುವುದನ್ನು ಬಿಟ್ಟಿದ್ದೇನೆ.

ಶುಭದಾ


ಕಮಲಾಪುರ
೩೧ ಮಾರ್ಚ್

ಶುಭದಾ,

ಎರಡು ಕಾಗದವೂ ತಲುಪಿದವು. ಮೃದುಲಾಳದ್ದೂ ತಲುಪಿತು. ಹಾಕು ಎಂದು ಬರೆದೆ. 'ಚಿತ್ರ ಸಹಾಯ' ಎಂದು ಮಾತ್ರ ಹಾಕಬೇಡ ಎಂದೂ ಬರೆದೆ.

ಈಗ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ನೀನು ಅಂದದ್ದು ಪಾಲಕಿ ಎಂದು ನನಗೆ ಅವತ್ತೇ ಗೊತ್ತಿತ್ತು.

ನಿನ್ನ ಕೈಯಲ್ಲಿ ಕಪ್ಪಿತ್ತು. ನಾನು ಆಗಷ್ಟೇ ಒಲೆಯಿಂದ ಇಳಿಸಿ ಕೊಟ್ಟ ಚಹಾ, ಹಬೆ ನೆಟ್ಟಗೆ ಮೇಲೆ ಏಳುತ್ತಿತ್ತು. ನೀನು ಆ ಶಬ್ದ ಅಂದಾಗ ಹಬೆ ಮುರಿಯಿತು. ಮ-ಗೆ ಹಬೆ ಮುರಿಯುವುದಿಲ್ಲ, ಬ-ಗೂ ಅಷ್ಟು ಮುರಿಯುವುದಿಲ್ಲ. ಮೂವತ್ತು ವರ್ಷ ಮಕ್ಕಳ ಬಾಯಿಯ ಮುಂದೆ ಕಾಗದದ ಪಟ್ಟಿ ಹಿಡಿದವಳು ನಾನು, ನನಗೆ ಇದು ಕಾಣುವುದಿಲ್ಲ ಎಂದುಕೊಂಡೆಯಲ್ಲ.

ಹಾಗಿದ್ದೂ ಯಾಕೆ ಕೇಳಿದೆ ಎಂದರೆ, ನೀನು ನನಗೆ ಏನು ಬರೆಯುತ್ತೀ ಎಂದು ನೋಡಬೇಕಿತ್ತು. ಮೊದಲ ಕಾಗದದಲ್ಲಿ ಮಾಲಕಿ ಎಂದೆ. ಎರಡನೆಯದರಲ್ಲಿ ಗುಡಿಯ ಹೆಸರು ಹೇಳಿ ಮಾಲಕಿ ಎಂದೆ. ಅವತ್ತು ತೋಟದಲ್ಲಿ ಕುಳಿತು ಬಹಳ ಅತ್ತೆ. ವೈನಿ ಬಂದು ಏನೂ ಕೂಗದೆ ಪಕ್ಕದಲ್ಲಿ ಕುಳಿತಳು. ಅವಳು ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹದಿನಾರನೇ ತಾರೀಖಿನ ಕಾಗದ ಬರದೆ ಇದ್ದರೆ ನಾನು ಇಲ್ಲೇ ಉಳಿಯುತ್ತಿದ್ದೆ. ನನಗೂ ದಣಿವಾಗಿದೆ, ಶುಭದಾ. ನಿನ್ನದು ಮಾತಾಡಿ ಬಂದ ದಣಿವು, ನನ್ನದು ಕಾದು ಬಂದದ್ದು.

ಆಯಿಯ ವಿಷಯಕ್ಕೆ ನನ್ನಲ್ಲಿ ಸಮಾಧಾನದ ಮಾತಿಲ್ಲ. ಸಂಕಟವಾದಾಗ ಹೇಳು, ಜೊತೆಗೆ ಕೂಡುತ್ತೇನೆ.

ದಿಲ್ಲಿಗೆ ಬರುತ್ತೇನೆ. ರೇಷ್ಮೆ ಸೀರೆ ಉಡುವುದಿಲ್ಲ, ಬಿಸಿಲು ಬಹಳ. ದೊಡ್ಡವರೆಲ್ಲ ದೂರದಲ್ಲಿ ಪಿಸುಗುಟ್ಟುವುದನ್ನು ತುಟಿ ಓದಿ ನಿನಗೆ ಹೇಳುತ್ತೇನೆ, ಅದೊಂದು ಲಾಭ. ಬಿಲ್ಲೆ ನಿನ್ನದೇ ಇರಲಿ. ಸನ್ನೆಕೋಶದ ಮೊದಲ ಪುಟವನ್ನು ಮಾತ್ರ ಮತ್ತೆ ಅಚ್ಚು ಹಾಕಿಸಬೇಕು, ಎರಡು ಹೆಸರು, ಒಂದೇ ಅಳತೆಯ ಅಕ್ಷರ.

ಗುರುವಾರ ಬೆಳಿಗ್ಗೆ ಹತ್ತರ ಬಸ್ಸಿಗೆ ಹೊರಡುತ್ತೇನೆ. ವೈನಿ ಒಂದು ಗೊನೆ ಕೆಂಪು ಬಾಳೆ ಕೊಟ್ಟಿದ್ದಾಳೆ, ಭಾರ ಇದೆ, ಸ್ಟ್ಯಾಂಡಿಗೆ ಬಾ. ಮನೆಗೆ ಹೋಗಿ ಬಾಗಿಲು ಹಾಕಿದ ಮೇಲೆ, ಆ ಗುಮಾಸ್ತರಿಗೆ ಹೇಳಿದ ಶಬ್ದವನ್ನು ನನಗೂ ಒಮ್ಮೆ ಹೇಳಬೇಕು. ಅವರು ಕೇಳಿದ್ದಾರೆ, ನಾನು ಕೇಳಿಲ್ಲ. ಈ ಸಲ ನಾನು ತುಟಿ ನೋಡುವುದಿಲ್ಲ. ಕಣ್ಣು ಮುಚ್ಚಿ ನಿನ್ನ ಮೂಗಿನ ಮೇಲೆ ಬೆರಳಿಟ್ಟುಕೊಂಡು ಕೂಡುತ್ತೇನೆ.

ಶೀಲಾ